ಗೊಂಚರೋವಾ ಅವರ ‘ಲಿಟರ್ಜಿ’ ಹಾಳೆಗಳು: ಪೊಶ್ವಾರ್ ಕಲಿಯುವವರಿಗೆ ಟಿಪ್ಪಣಿ

ಫ್ರೆಂಚ್ ಭಾಷೆಯಲ್ಲಿ ಸ್ಟೆನ್ಸಿಲ್‌ಗೆ ಪೊಶ್ವಾರ್ ಎನ್ನುತ್ತಾರೆ. ಮುದ್ರಿತ ಕಲಾಕೃತಿಯ ವಿವರದಲ್ಲಿ ಈ ಪದ ಕಂಡರೆ, ಕೊರೆದ ತಗಡನ್ನು ಹಾಳೆಯ ಮೇಲಿಟ್ಟು, ಒಂದೊಂದು ಪ್ರತಿಗೂ ಕುಂಚದಿಂದ ಕೈಯಾರೆ ಬಣ್ಣ ಹಾಕಿದ್ದಾರೆ ಎಂದರ್ಥ. ಗೋಣಿಚೀಲದ ಮೇಲೆ ಗುರುತು ಹಾಕುವ ತಗಡಿನ ತತ್ವವೇ ಇಲ್ಲಿಯದೂ. ಆದರೆ ಪ್ಯಾರಿಸ್‌ನ ಕಾರ್ಯಾಗಾರಗಳಲ್ಲಿ ಒಂದೇ ಚಿತ್ರಕ್ಕೆ 20–30 ತಗಡು ಬಳಸುವುದು ಸಾಮಾನ್ಯವಾಗಿತ್ತು.

ಇದನ್ನು ಅರಿಯಲು ರಷ್ಯಾದ ನತಾಲಿಯಾ ಗೊಂಚರೋವಾ (1881–1962) ಅವರ ‘ಲಿಟರ್ಜಿ’ ಹಾಳೆಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1914ರಲ್ಲಿ ಪ್ಯಾರಿಸ್‌ನಲ್ಲಿ ‘ಗೋಲ್ಡನ್ ಕಾಕರೆಲ್’ ಎಂಬ ಒಪೆರಾ-ಬ್ಯಾಲೆಗೆ ಮಾಡಿದ ರಂಗಸಜ್ಜಿಕೆಯಿಂದ ಅವರ ಹೆಸರು ಹಬ್ಬಿತ್ತು. ಮರುವರ್ಷ ಯುದ್ಧದ ನಡುವೆ ಬ್ಯಾಲೆ ತಂಡದ ಮುಖ್ಯಸ್ಥ ದ್ಯಾಗಿಲೆವ್, ಗೊಂಚರೋವಾ ಅವರನ್ನು ಸ್ವಿಟ್ಜರ್‌ಲೆಂಡ್‌ಗೆ ಕರೆಸಿಕೊಂಡರು. ಕ್ರಿಸ್ತನ ಕಥೆಯ ‘ಲಿಟರ್ಜಿ’ ಎಂಬ ಹೊಸ ಬ್ಯಾಲೆಗೆ ತಂಡದ ನರ್ತಕ ಮಸ್ಸೀನ್ ನೃತ್ಯ ಸಂಯೋಜಿಸುವುದು, ಗೊಂಚರೋವಾ ವೇಷಭೂಷಣ ರೂಪಿಸುವುದು ಎಂದಾಗಿತ್ತು. ಬ್ಯಾಲೆ ರಂಗಕ್ಕೆ ಬರಲೇ ಇಲ್ಲ. ವೇಷಗಳ ವಿನ್ಯಾಸ ಮಾತ್ರ 16 ಪೊಶ್ವಾರ್ ಹಾಳೆಗಳ ಸಂಪುಟವಾಗಿ ಉಳಿಯಿತು.

ಈ ವಿನ್ಯಾಸಕ್ಕೂ ಈ ವಿಧಾನಕ್ಕೂ ಇರುವ ಹೊಂದಾಣಿಕೆಯನ್ನು ಗಮನಿಸಿ. ಸ್ಟೆನ್ಸಿಲ್‌ಗೆ ನಯವಾದ ನೆರಳು-ಬೆಳಕು ಸುಲಭವಲ್ಲ. ಚೂಪಾದ ಅಂಚು, ಸಮತಟ್ಟಾದ ಬಣ್ಣ ಅದಕ್ಕೆ ಒಗ್ಗುತ್ತದೆ. ಗೊಂಚರೋವಾ ಅವರ ದೇವದೂತರೂ ಸಂತರೂ ರಷ್ಯಾದ ಐಕಾನ್‌ಗಳ (ಚರ್ಚಿನ ಪೂಜಾ ಚಿತ್ರಗಳ) ವಂಶದವರು: ದೊಡ್ಡ ಕಣ್ಣು, ಕೋನಕೋನವಾಗಿ ಮಡಿದ ಕೈ, ತುಂಡು ತುಂಡಾಗಿ ಜೋಡಿಸಿದಂಥ ರೆಕ್ಕೆ ಮತ್ತು ನಿಲುವಂಗಿ. ವೇಷವನ್ನೇ ಬಣ್ಣದ ತುಂಡುಗಳಾಗಿ ಯೋಚಿಸಿದ್ದರಿಂದ, ತಗಡಿನ ಮಿತಿ ಇಲ್ಲಿ ಅಡ್ಡಿಯಾಗದೆ ಚಿತ್ರದ ಭಾಷೆಯೇ ಆಗಿದೆ.

ಮಾಡಿ ನೋಡುವವರಿಗೆ

ಮೊದಲ ಅಭ್ಯಾಸಕ್ಕೆ ಐದು ಬಣ್ಣ ಸಾಕು. ಮೂಲಚಿತ್ರದಿಂದ ಬಣ್ಣಕ್ಕೊಂದರಂತೆ ಟ್ರೇಸಿಂಗ್ ತೆಗೆಯಿರಿ. ಆ ಕಾಲದವರು ತೆಳುವಾದ ಸತು, ತಾಮ್ರದ ತಗಡು ಕೊರೆಯುತ್ತಿದ್ದರು. ನಮಗೆ ಪಾರದರ್ಶಕ ಪ್ಲಾಸ್ಟಿಕ್‌ನ ಓಎಚ್‌ಪಿ ಶೀಟ್ ಆದೀತು. ತಿರುವು ಬಂದಲ್ಲಿ ಬ್ಲೇಡನ್ನು ತಿರುಗಿಸಬೇಡಿ, ಶೀಟನ್ನು ತಿರುಗಿಸಿ. ಉಂಗುರದಂಥ ಆಕಾರ ಕೊರೆದರೆ ನಡುವಿನ ತುಂಡು ಉದುರಿಹೋಗುತ್ತದೆ. ಅದನ್ನು ಎರಡು ಅರ್ಧಗಳಾಗಿ ಎರಡು ಶೀಟಿನಲ್ಲಿ ಕೊರೆಯಿರಿ, ಇಲ್ಲವೇ ಸಣ್ಣ ಸೇತುವೆ ಬಿಟ್ಟು ಆಮೇಲೆ ಕುಂಚದಿಂದ ಮುಚ್ಚಿ. ಅಕ್ಕಪಕ್ಕದ ಬಣ್ಣಗಳು ಸುಮಾರು ಅರ್ಧ ಮಿಲಿಮೀಟರ್ ಒಂದರ ಮೇಲೊಂದು ಬರುವಂತೆ ಕೊರೆಯದಿದ್ದರೆ, ನಡುವೆ ಬಿಳಿ ಗೆರೆ ಇಣುಕುತ್ತದೆ.

ರಟ್ಟಿನ ಹಲಗೆಯ ಮೂಲೆಯಲ್ಲಿ ಎರಡು ದಪ್ಪ ಪಟ್ಟಿಗಳನ್ನು ಲಂಬಕೋನದಲ್ಲಿ ಅಂಟಿಸಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಯನ್ನು ಪ್ರತಿ ಸಲ ಅದೇ ಮೂಲೆಗೆ ಒತ್ತಿ ಇಡಿ. ಸ್ಟೆನ್ಸಿಲ್‌ನ ಒಂದು ಬದಿಗೆ ಟೇಪ್ ಹಚ್ಚಿ, ಬಾಗಿಲಿನಂತೆ ಎತ್ತಿ ಇಳಿಸುವ ಹಾಗೆ ಮಾಡಿ. ಒಂದು ಬಣ್ಣವನ್ನು ಎಲ್ಲ ಪ್ರತಿಗಳಿಗೂ ಮುಗಿಸಿ ಮುಂದಿನದಕ್ಕೆ ಹೋಗಬೇಕಾದ್ದರಿಂದ, ಗುವಾಶ್ (ಅಂಟು ಬೆರೆತ, ಅಪಾರದರ್ಶಕ ನೀರುಬಣ್ಣ) ಅಷ್ಟಕ್ಕೂ ಸಾಲುವಷ್ಟು ಒಂದೇ ಸಲ ಕಲಸಿಡಿ. ಎರಡನೇ ಸಲದ ಕಲಸು ಮೊದಲಿನದಕ್ಕೆ ತಾಳೆಯಾಗುವುದು ಅಪರೂಪ. ಗುವಾಶ್ ಒಣಗಿದಾಗ ಬಣ್ಣವೂ ಬದಲಾಗುತ್ತದೆ: ತಿಳಿಬಣ್ಣ ತುಸು ಗಾಢವಾಗುತ್ತದೆ, ಗಾಢಬಣ್ಣ ತುಸು ತಿಳಿಯಾಗುತ್ತದೆ. ಹಾಗಾಗಿ ತುಂಡು ಕಾಗದದ ಮೇಲೆ ಒಣಗಿಸಿ ನೋಡದೆ ಶುರುಮಾಡಬೇಡಿ.

ಹದ ಗಟ್ಟಿ ಮೊಸರಿನಷ್ಟಿರಲಿ. ತುದಿ ಚಪ್ಪಟೆಯಾದ, ಕೂದಲು ಒತ್ತಾದ ಗುಂಡು ಕುಂಚವನ್ನು ಅದ್ದಿ, ಹೆಚ್ಚಿನದನ್ನು ರದ್ದಿ ಕಾಗದದ ಮೇಲೆ ಒತ್ತಿ ತೆಗೆದು, ನೆಟ್ಟಗೆ ಹಿಡಿದು ತಟ್ಟಿ. ತಟ್ಟುವುದು ಸದಾ ಅಂಚಿನಿಂದ ಒಳಕ್ಕೆ. ಒಳಗಿನಿಂದ ಅಂಚಿನತ್ತ ತಳ್ಳಿದರೆ ಬಣ್ಣ ಶೀಟಿನ ಅಡಿಗೆ ನುಗ್ಗುತ್ತದೆ. ತಿಳಿಯಾದ ದೊಡ್ಡ ಭಾಗಗಳು ಮೊದಲು, ಗಾಢವಾದ ಸಣ್ಣ ಭಾಗಗಳು ಕೊನೆಗೆ.

ಹೆಚ್ಚಿನವರು ಎಡವುವುದು ಅವಸರದಲ್ಲಿ. ಗುವಾಶ್ ಒಣಗಿದ ಮೇಲೂ ನೀರು ಸೋಕಿದರೆ ಕರಗುತ್ತದೆ. ಎರಡನೇ ಬಣ್ಣ ನೀರಾಗಿದ್ದರೆ ಕೆಳಗಿನದು ಎದ್ದು ಎರಡೂ ಕದಡುತ್ತವೆ. ಅಂಚು ಮಸುಕಾದರೆ ಶೀಟನ್ನು ತಿರುವಿ ನೋಡಿ, ಹಿಂಬದಿಯಲ್ಲಿ ಹಸಿ ಬಣ್ಣ ಕುಳಿತಿರುತ್ತದೆ. ಮೂರ್ನಾಲ್ಕು ಪ್ರತಿಗೊಮ್ಮೆ ಒರೆಸಿದರೆ ಈ ತೊಂದರೆ ಇಲ್ಲ. ಬಣ್ಣ ಹೊಳೆದು ಬಿರುಕು ಬಿಟ್ಟರೆ ಅಂಟು ಹೆಚ್ಚಾಗಿರಬಹುದು, ಇಲ್ಲವೇ ಪದರ ದಪ್ಪವಾಗಿರಬಹುದು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುವುದರಿಂದ, ಬೆಳಿಗ್ಗೆ ಸರಿಯಾಗಿ ಕೂತ ಅಂಚು ಸಂಜೆಗೆ ಜರುಗಿರುತ್ತದೆ. ಹಾಳೆಗಳನ್ನು ಹಿಂದಿನ ದಿನವೇ ಕೆಲಸದ ಕೋಣೆಯಲ್ಲಿ ಹರಡಿಡಿ.

ಸಂಗ್ರಹಾಲಯದಲ್ಲಿ ಪೊಶ್ವಾರ್ ಹಾಳೆ ನೋಡುವಾಗ ಓರೆ ಬೆಳಕಿನಲ್ಲಿ ನಿಂತು ಅಂಚುಗಳನ್ನು ಗಮನಿಸಿ. ತಗಡಿನ ಬದಿಗೆ ಬಣ್ಣ ಕೂಡಿ ಸಣ್ಣ ಏರಿ ಕಟ್ಟಿರುತ್ತದೆ, ಒಳಗೆ ಕುಂಚದ ಕೂದಲಿನ ಗುರುತು ಇರುತ್ತದೆ. ಭೂತಗನ್ನಡಿಯಲ್ಲಿ ಬಣ್ಣ ಚುಕ್ಕಿಚುಕ್ಕಿಯಾಗಿ ಒಡೆದು ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಮರುಮುದ್ರಣ.