ಕಣ್ಣಿಗೆ ಕಾಣದ ವಿಕಲತೆಗೆ ಪುರಾವೆ ಏನು?

2024ರ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ತೆಲಂಗಾಣದ ದೀಪ್ತಿ ಜೀವನ್‌ಜಿ 400 ಮೀಟರ್ ಓಟವನ್ನು 55.82 ಸೆಕೆಂಡುಗಳಲ್ಲಿ ಮುಗಿಸಿ ಕಂಚು ಗೆದ್ದರು. ಬೌದ್ಧಿಕ ವಿಕಲತೆಯುಳ್ಳ ಭಾರತೀಯರೊಬ್ಬರಿಗೆ ದಕ್ಕಿದ ಮೊದಲ ಪ್ಯಾರಾಲಿಂಪಿಕ್ ಪದಕ ಅದು. ಟಿ20 ಎಂಬ ಆ ವರ್ಗದ ಓಟದಲ್ಲಿ ಗಾಲಿಕುರ್ಚಿಯಾಗಲಿ ಕೃತಕ ಕಾಲಾಗಲಿ ಕಾಣುವುದಿಲ್ಲ. ‘ಇವರಿಗೇನು ತೊಂದರೆ?’ ಎಂದು ಟೀವಿ ಮುಂದೆ ಕೂತವರು ಕೇಳುತ್ತಾರೆ. ಕ್ರೀಡಾಲೋಕ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಒಂದು ವಂಚನೆಯೇ ನಡೆಯಬೇಕಾಯಿತು.

ಇದನ್ನು ಸ್ಪೆಷಲ್ ಒಲಿಂಪಿಕ್ಸ್ ಜೊತೆ ಬೆರೆಸಿಕೊಳ್ಳಬಾರದು. 1968ರಲ್ಲಿ ಷಿಕಾಗೊದಲ್ಲಿ ಆರಂಭವಾದ ಆ ಕೂಟದಲ್ಲಿ ವಯಸ್ಸು, ಲಿಂಗ, ಸಾಮರ್ಥ್ಯ ನೋಡಿ ಸಮಬಲರನ್ನು ಒಂದೊಂದು ಗುಂಪಿಗೆ ಸೇರಿಸುತ್ತಾರೆ. ಎಲ್ಲರಿಗೂ ಗೆಲ್ಲುವ ಅವಕಾಶ ಇರಬೇಕೆಂಬುದು ಅಲ್ಲಿನ ತತ್ವ. ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಗಲ್ಲ, ಅರ್ಹತಾ ಮಟ್ಟ ಮುಟ್ಟಿದವರಿಗಷ್ಟೇ ಪ್ರವೇಶ.

2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನ ಬೌದ್ಧಿಕ ವಿಕಲತೆಯ ವರ್ಗದಲ್ಲಿ ಸ್ಪೇನ್‌ನ ಬ್ಯಾಸ್ಕೆಟ್‌ಬಾಲ್ ತಂಡ ರಷ್ಯಾವನ್ನು ಮಣಿಸಿ ಚಿನ್ನ ಗೆದ್ದಿತು. ಕೆಲವೇ ವಾರಗಳಲ್ಲಿ ತಂಡದೊಳಗೇ ಇದ್ದ ಪತ್ರಕರ್ತ ಕಾರ್ಲೋಸ್ ರಿಬಾಗೊರ್ಡಾ ನಿಜ ಬಯಲುಮಾಡಿದ: 12 ಆಟಗಾರರಲ್ಲಿ 10 ಮಂದಿಗೆ ಯಾವ ಬೌದ್ಧಿಕ ವಿಕಲತೆಯೂ ಇರಲಿಲ್ಲ. ಎರಡು ವರ್ಷದಲ್ಲಿ ತನಗೆ ನಡೆದ ಪರೀಕ್ಷೆಯೆಂದರೆ ಆರು ಪುಷ್‌ಅಪ್ ಮತ್ತು ರಕ್ತದೊತ್ತಡದ ತಪಾಸಣೆ ಮಾತ್ರ ಎಂದ. ಆಯಾ ದೇಶದ ಒಕ್ಕೂಟ ಕೊಟ್ಟ ಕಾಗದವನ್ನು ಮರುಪರಿಶೀಲಿಸುವ ಏರ್ಪಾಡೇ ಇರಲಿಲ್ಲ. 2013ರಲ್ಲಿ ಮ್ಯಾಡ್ರಿಡ್ ನ್ಯಾಯಾಲಯ ಒಕ್ಕೂಟದ ಮಾಜಿ ಮುಖ್ಯಸ್ಥನಿಗೆ 5,400 ಯೂರೊ ದಂಡ ಹಾಕಿ ಪ್ರಕರಣ ಮುಗಿಸಿತು.

ನಿಜವಾದ ಶಿಕ್ಷೆ ಅನುಭವಿಸಿದವರು ಬೇರೆ. ತಂಡದಲ್ಲಿ ನಿಜವಾಗಿ ವಿಕಲತೆ ಇದ್ದ ಇಬ್ಬರೂ ಪದಕ ಕಳೆದುಕೊಂಡರು. ಅಥೆನ್ಸ್ ಮತ್ತು ಬೀಜಿಂಗ್‌ನ ಪದಕ ಸ್ಪರ್ಧೆಗಳಿಂದ ಜಗತ್ತಿನ ಎಲ್ಲ ಬೌದ್ಧಿಕ ವಿಕಲತೆಯ ಕ್ರೀಡಾಪಟುಗಳನ್ನೂ ಹೊರಗಿಟ್ಟರು. 2000ದಿಂದ 2012ರವರೆಗೆ ಪದಕದ ಅವಕಾಶವೇ ಇಲ್ಲ; ಓಟಗಾರರ ಬದುಕಿನಲ್ಲಿ ಹನ್ನೆರಡು ವರ್ಷ ಎಂದರೆ ಇಡೀ ಕ್ರೀಡಾ ವಯಸ್ಸೇ. ತಪ್ಪು ಮಾಡದವರ ಮೇಲೆ ಹೊರಿಸಿದ ಈ ದಂಡಕ್ಕೆ ಸಮರ್ಥನೆ ಇಲ್ಲ.

2009ರ ನವೆಂಬರ್‌ನಲ್ಲಿ ಕೌಲಾಲಂಪುರದಲ್ಲಿ ನಡೆದ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಸಭೆ ಇವರ ಮರುಪ್ರವೇಶಕ್ಕೆ ಒಪ್ಪಿತು. 2012ರ ಲಂಡನ್‌ಗೆ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ಮಾತ್ರ ಮರಳಿದವು. ಹೊಸ ಪದ್ಧತಿ ಎರಡು ಪ್ರಶ್ನೆ ಕೇಳುತ್ತದೆ: ವಿಕಲತೆ ಇದೆಯೇ? ಅದು ಈ ಆಟದಲ್ಲಿ ನಿಜಕ್ಕೂ ಅಡ್ಡಿಯಾಗುತ್ತಿದೆಯೇ?

ಮೊದಲನೆಯದಕ್ಕೆ ಕಡತ ಬೇಕು. ಬುದ್ಧಿಸೂಚ್ಯಂಕ 75 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದಿನನಿತ್ಯದ ವ್ಯವಹಾರದಲ್ಲಿ ಗಣನೀಯ ಮಿತಿ ಇರಬೇಕು. ಇವೆರಡೂ ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡ್ ಸರ್ಕಾರಿ ಸೌಲಭ್ಯಕ್ಕೆ ಸಾಕಾದೀತು, ಇಲ್ಲಿ ಸಾಲದು. ವೆಕ್ಸ್ಲರ್‌ನಂಥ ಮಾನ್ಯ ಬುದ್ಧಿಮಾಪನ ಪರೀಕ್ಷೆಯನ್ನು ಮನೋವಿಜ್ಞಾನಿಯೇ ನಡೆಸಿ, ಉಪವಿಭಾಗಗಳ ಅಂಕಗಳ ಸಮೇತ ವರದಿ ಬರೆಯಬೇಕು. ಒಟ್ಟು ಅಂಕವನ್ನಷ್ಟೇ ಬರೆದ ವರದಿ, ದಿನನಿತ್ಯದ ವ್ಯವಹಾರ ಕೌಶಲದ ವರದಿಯೇ ಇಲ್ಲದ ಕಡತ, ಬಾಲ್ಯದ ದಾಖಲೆ ಸಿಗದಿರುವುದು: ಅರ್ಜಿ ನಿಲ್ಲುವುದು ಇಂಥ ಕಡೆ. ಆದ್ದರಿಂದ ಶಾಲೆಯ ಹಳೆಯ ವರದಿಗಳನ್ನು ಪೋಷಕರು ಎಸೆಯಬಾರದು. ಇಂಥ ಪರೀಕ್ಷೆ ಕನ್ನಡಕ್ಕೆ ಹೊಸದೇನಲ್ಲ, ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದ ವಿ. ವಿ. ಕಾಮತರ ಕೆಲಸ 1930ರ ದಶಕದ್ದು.

ಎರಡನೆಯದಕ್ಕೆ ಕ್ರೀಡಾಕೂಟದಲ್ಲೇ ಪರೀಕ್ಷೆ. ಪ್ರತಿಕ್ರಿಯೆಯ ವೇಗ, ನೆನಪು, ದೃಶ್ಯಗ್ರಹಣ, ಯೋಜನಾ ಶಕ್ತಿಯನ್ನು ಅಳೆಯುತ್ತಾರೆ. ಓಟಗಾರರಾದರೆ ಗೊತ್ತುಪಡಿಸಿದ ವೇಗವನ್ನು ಏರುಪೇರಿಲ್ಲದೆ ಕಾಯ್ದುಕೊಳ್ಳಬಲ್ಲರೇ ಎಂದು ನೋಡುತ್ತಾರೆ, ಏಕೆಂದರೆ ದೂರ ಮತ್ತು ದಣಿವನ್ನು ಲೆಕ್ಕಹಾಕಿ ಶಕ್ತಿ ಹಂಚಿಕೊಳ್ಳುವುದೇ ಇವರಿಗೆ ಕಷ್ಟ. ಎಷ್ಟು ವರ್ಷ, ವಾರಕ್ಕೆ ಎಷ್ಟು ಗಂಟೆ ಅಭ್ಯಾಸ ಎಂಬ ವಿವರವೂ ಬೇಕು. ಇಲ್ಲದಿದ್ದರೆ ಅಭ್ಯಾಸದ ಕೊರತೆಯನ್ನೇ ವಿಕಲತೆಯೆಂದು ಎಣಿಸುವ ಅಪಾಯವಿದೆ. ಕೊನೆಗೆ ಸ್ಪರ್ಧೆಯಲ್ಲೂ ಗಮನಿಸುತ್ತಾರೆ. ಜೊತೆಗೆ ಬಂದವರು ಸೂಚನೆಯನ್ನು ಅನುವಾದಿಸಬಹುದು, ಉತ್ತರ ಹೇಳಿಕೊಡುವಂತಿಲ್ಲ.

ದೀಪ್ತಿ ಓಡಿದ 400 ಮೀಟರ್ ಲಂಡನ್‌ನಲ್ಲಿ ಇರಲಿಲ್ಲ. ಮರುಪ್ರವೇಶದ ಬಳಿಕ ಟಿ20ಗೆ ಅದು ಸಿಕ್ಕಿದ್ದು 2016ರ ರಿಯೊದಲ್ಲಿ. ಈ ವರ್ಗಕ್ಕೆ 100 ಮೀಟರ್ ಓಟ ಪ್ಯಾರಿಸ್‌ನಲ್ಲೂ ಇರಲಿಲ್ಲ. ಡೌನ್ ಸಿಂಡ್ರೋಮ್ ಇರುವವರಿಗೆ ಪ್ರತ್ಯೇಕ ವರ್ಗವಿಲ್ಲ: ಸ್ನಾಯುಗಳು ಸಡಿಲವಾಗಿದ್ದು, ಹಲವರಿಗೆ ಹೃದಯದ ತೊಂದರೆಯೂ ಇರುವ ಇವರು ಅದೇ ಟಿ20 ಸಾಲಿನಲ್ಲಿ ನಿಲ್ಲಬೇಕು. ಬೌದ್ಧಿಕ ವಿಕಲತೆಯ ಕ್ರೀಡೆಗಳ ಜಾಗತಿಕ ಸಂಸ್ಥೆ ವರ್ಚಸ್ ತನ್ನ ಕೂಟಗಳಲ್ಲಿ ಅವರಿಗೆ ಬೇರೆ ವರ್ಗ ಮಾಡಿಕೊಟ್ಟಿದೆ, ಪ್ಯಾರಾಲಿಂಪಿಕ್ಸ್ ಇನ್ನೂ ಮಾಡಿಲ್ಲ. ಸಿಡ್ನಿಯಲ್ಲಿ ನಿಂತುಹೋದ ಆ ಬ್ಯಾಸ್ಕೆಟ್‌ಬಾಲ್ ಕೂಡ ಪ್ಯಾರಿಸ್‌ವರೆಗೂ ಮರಳಿರಲಿಲ್ಲ.