ಕಣ್ಣಿಗೆ ಹಾಲು, ಫೋಟೊದಲ್ಲಿ ಬೂದಿ: ಮಾಗಿಯ ಮಂಜು ಸಣ್ಣ ಕ್ಯಾಮೆರಾಕ್ಕೆ ಸಿಗುವುದು ಹೇಗೆ?

ಪ್ರಶ್ನೆ: ಮನೆ ಹತ್ತಿರದ ಕೆರೆಗೆ ದಿನವೂ ಬೆಳಗ್ಗೆ ವಾಕಿಂಗ್ ಹೋಗುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ಮಂಜು ನೋಡಲು ಎರಡು ಕಣ್ಣು ಸಾಲದು. ಆದರೆ ನನ್ನ ಸಣ್ಣ ಕ್ಯಾಮೆರಾದಲ್ಲಿ ತೆಗೆದರೆ ಎಲ್ಲವೂ ಬೂದು ಬಣ್ಣಕ್ಕೆ ತಿರುಗಿ ಮಂಕಾಗಿ ಬರುತ್ತದೆ. ದೊಡ್ಡ ಕ್ಯಾಮೆರಾ ಕೊಳ್ಳಲೇಬೇಕೆ?

ಉತ್ತರ: ಬೇಡ. ಬೆಂಗಳೂರಿನಲ್ಲಿ ಸ್ವೆಟರ್‌ಗಳು ಪೆಟ್ಟಿಗೆಯಿಂದ ಹೊರಬರುವ ಹೊತ್ತಿಗೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಪ್ರತಿ ಸಲವೂ ನನ್ನ ಉತ್ತರ ಇದೇ. ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ನಿಮ್ಮ ಕಣ್ಣಿಗೆ ಗೊತ್ತಿರುವ ಒಂದು ಸಂಗತಿ ಅದಕ್ಕೆ ಗೊತ್ತಿಲ್ಲ, ಅಷ್ಟೆ: ಮಂಜು ಬೆಳ್ಳಗಿರುತ್ತದೆ.

ಎದುರಿಗಿರುವುದು ಮರವೋ, ಮಂಜೋ, ಮದುವೆ ಮನೆಯೋ ಎಂದು ಹಳೆಯ ಸಣ್ಣ ಕ್ಯಾಮೆರಾ ತಿಳಿಯಲಾರದು. ಚೌಕಟ್ಟಿನೊಳಗಿನ ಬೆಳಕನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಅದು ನಡುಮಟ್ಟದ ಬೂದು ಬಣ್ಣದಷ್ಟು ಇರಬೇಕು ಎಂಬ ಒಂದೇ ಲೆಕ್ಕ ಅದರದ್ದು. ಬೀದಿ, ಮನೆ, ಜನ ಇರುವ ಚಿತ್ರಕ್ಕೆ ಈ ಲೆಕ್ಕ ಸರಿಯಾಗಿಯೇ ಕೂಡಿಬರುತ್ತದೆ. ಮುಕ್ಕಾಲು ಪಾಲು ಮಂಜೇ ತುಂಬಿದ್ದಾಗ ಮಾತ್ರ ಬೆಳಕು ಅತಿಯಾಯಿತೆಂದು ಭಾವಿಸಿ ಅದನ್ನು ಇಳಿಸಿಬಿಡುತ್ತದೆ. ಹಾಲು ಬೂದಿಯಾಗುವುದು ಅಲ್ಲಿಯೇ. ಹಿಮ ಬೀಳುವ ಊರುಗಳಲ್ಲಿ ಹಿಮಕ್ಕೂ ಇದೇ ಗತಿ.

ಆದ್ದರಿಂದ ಬಿಳಿಯನ್ನು ಬಿಳಿಯಾಗಿಯೇ ಉಳಿಸು ಎಂದು ಕ್ಯಾಮೆರಾಕ್ಕೆ ನೀವೇ ಹೇಳಬೇಕು. ಕ್ಯಾಮೆರಾದ ಹಿಂಬದಿಯಲ್ಲಿ ಅಥವಾ ಮೆನುವಿನಲ್ಲಿ ಕೂಡು ಮತ್ತು ಕಳೆ ಚಿಹ್ನೆಗಳು ಒಟ್ಟಿಗೆ ಇರುವ ಒಂದು ಗುರುತು ಇರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಎನ್ನುವುದು ಅದನ್ನೇ. ಮಂಜಿಗೆ ಅದನ್ನು ಕೂಡು ಬದಿಗೆ 0.7ರಿಂದ 1ರವರೆಗೆ ಸರಿಸಿ. ಮೊಬೈಲ್‌ನಲ್ಲಾದರೆ ಪರದೆಯ ಮೇಲೆ ಮಂಜಿನ ಜಾಗವನ್ನು ಮುಟ್ಟಿದಾಗ ಸಾಮಾನ್ಯವಾಗಿ ಪುಟ್ಟ ಸೂರ್ಯನ ಗುರುತು ಮೂಡುತ್ತದೆ. ಅದನ್ನು ಬೆರಳಿನಿಂದ ತುಸು ಮೇಲಕ್ಕೆ ಎಳೆಯಿರಿ. ಇದ್ಯಾವುದೂ ಇಲ್ಲದ ತೀರ ಸರಳ ಕ್ಯಾಮೆರಾವಾದರೆ, ಹತ್ತಿರದ ಕಪ್ಪು ಮರದ ಬೊಡ್ಡೆಯ ಕಡೆಗೆ ಹಿಡಿದು ಗುಂಡಿಯನ್ನು ಅರ್ಧ ಒತ್ತಿ, ಹಾಗೆಯೇ ಒತ್ತಿಕೊಂಡು ನಿಮಗೆ ಬೇಕಾದ ಚೌಕಟ್ಟಿಗೆ ತಿರುಗಿ, ಆಮೇಲೆ ಪೂರ್ತಿ ಒತ್ತಿ. ಬಹುತೇಕ ಸಣ್ಣ ಕ್ಯಾಮೆರಾಗಳಲ್ಲಿ ಅರ್ಧ ಒತ್ತಿದ ಕೂಡಲೇ ಬೆಳಕಿನ ಅಳತೆಯೂ ಫೋಕಸ್ಸೂ ಒಟ್ಟಿಗೆ ನಿಂತುಬಿಡುತ್ತವೆ. ಬರೀ ಮಂಜಿನಲ್ಲಿ ಫೋಕಸ್‌ಗೆ ಹಿಡಿತ ಸಿಗದೆ ಲೆನ್ಸ್ ಹಿಂದಕ್ಕೂ ಮುಂದಕ್ಕೂ ತಡಕಾಡುವುದು ಕೂಡ ಇದರಿಂದ ತಪ್ಪುತ್ತದೆ.

ನಸುಕಿನಲ್ಲಿ ಕ್ಯಾಮೆರಾದ ಪರದೆಯನ್ನು ನಂಬಬೇಡಿ. ಸುತ್ತಲೂ ಕತ್ತಲಿರುವಾಗ ಮಂಕಾದ ಚಿತ್ರವೂ ಅದರಲ್ಲಿ ಝಗಮಗಿಸುತ್ತದೆ. ಮನೆಗೆ ಬಂದು ನೋಡಿದಾಗ ಮೋಸ ಗೊತ್ತಾಗುತ್ತದೆ. ಒಂದೇ ದೃಶ್ಯವನ್ನು ಸೊನ್ನೆಯಲ್ಲೊಂದು, 0.7ರಲ್ಲೊಂದು, 1ರಲ್ಲೊಂದು ಎಂದು ಮೂರು ಸಲ ತೆಗೆದಿಡಿ.

ಇಲ್ಲಿಗೆ ನಿಮ್ಮ ಪ್ರಶ್ನೆಯ ಅರ್ಧಕ್ಕೆ ಉತ್ತರ ಸಿಕ್ಕಿತು. ಇನ್ನರ್ಧ ನೀವು ನಿಲ್ಲುವ ಜಾಗದಲ್ಲಿದೆ.

ಸೂರ್ಯ ಬೆನ್ನ ಹಿಂದಿರಲಿ ಎಂದು ನಮಗೆಲ್ಲ ಯಾರೋ ಹಿರಿಯರು ಹೇಳಿಕೊಟ್ಟಿರುತ್ತಾರೆ. ಮನೆ ಮಂದಿಯನ್ನು ಸಾಲಾಗಿ ನಿಲ್ಲಿಸಿ ತೆಗೆಯುವ ಫೋಟೊಗೆ ಅದು ಒಳ್ಳೆಯ ಮಾತು. ಮಂಜಿಗೆ ಮಾತ್ರ ಅದು ತಿರುಗಾಮುರುಗಾ. ಹಳೆಯ ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ಹೊಳೆಯುವುದನ್ನು ನೆನಪಿಸಿಕೊಳ್ಳಿ. ಬೆಳಕು ಬರುವ ದಿಕ್ಕಿಗೆ ಮುಖ ಮಾಡಿದರೆ ಕಣಗಳೆಲ್ಲ ಬಂಗಾರ. ಅದಕ್ಕೆ ಬೆನ್ನು ತಿರುಗಿಸಿ ನೋಡಿದರೆ ಅವು ಇದ್ದೂ ಇಲ್ಲದಂತೆ. ಮಂಜಿನ ಹನಿಗಳೂ ಹಾಗೆಯೇ, ತಮ್ಮ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಅದು ಹೊರಟಿದ್ದ ದಿಕ್ಕಿಗೇ ಮುಂದಕ್ಕೆ ಚೆಲ್ಲುತ್ತವೆ. ಸೂರ್ಯನಿಗೆ ಎದುರಾಗಿ ನಿಂತವರಿಗೆ ಕೆರೆಯ ಮೇಲಿನ ಮಂಜು ಹೊತ್ತಿಕೊಂಡಂತೆ ಕಾಣುತ್ತದೆ. ಅದೇ ಮಂಜು, ಅದೇ ಗಳಿಗೆ, ಎದುರು ದಡದಲ್ಲಿ ನಿಂತವರಿಗೆ ಬರೀ ಸುಣ್ಣದ ಗೋಡೆ.

ಹಾಗೆಂದು ಬರಿಯ ಸೂರ್ಯನನ್ನೇ ಚೌಕಟ್ಟಿನಲ್ಲಿ ತುಂಬಬೇಡಿ, ಕಣ್ಣಿಗೂ ಒಳ್ಳೆಯದಲ್ಲ. ಒಂದು ಕಾಂಡದ ಮರೆಗೆ ಅವನನ್ನು ಸರಿಸಿ, ಎಡ ಅಂಗೈಯನ್ನು ಲೆನ್ಸ್‌ಗೆ ಮಾಡಿನಂತೆ ಅಡ್ಡ ಹಿಡಿಯಿರಿ. ಅದಕ್ಕೂ ಮೊದಲು ಮೆತ್ತನೆಯ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಉಳಿದಿದ್ದರೆ ಎದುರು ಬಿಸಿಲಿಗೆ ಚಿತ್ರವಿಡೀ ಮಸುಕಾಗುತ್ತದೆ. ಮೊಬೈಲ್ ಫೋಟೊಗಳು ಹಾಳಾಗುವುದು ಹೆಚ್ಚಾಗಿ ಈ ಜಿಡ್ಡಿನಿಂದಲೇ ಎಂದು ನನಗೆ ಅನ್ನಿಸುತ್ತದೆ.

ಹೊತ್ತಿನ ವಿಷಯ. ಡಿಸೆಂಬರ್ 21ರ ಸುಮಾರಿಗೆ ಹಗಲು ಅತಿ ಚಿಕ್ಕದು, ಆದರೆ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಆ ದಿನವಲ್ಲ. ಸಂಕ್ರಾಂತಿ ಕಳೆದ ಮೇಲೂ ಸೂರ್ಯೋದಯ ಚೂರುಚೂರೇ ಹಿಂದೆ ಬಿದ್ದು, ಜನವರಿಯ ಕೊನೆಯ ಹೊತ್ತಿಗೆ 6.45 ದಾಟುತ್ತದೆ. ತಡವಾಗಿ ಏಳುವವರಿಗೆ ಜನವರಿಯೇ ಅನುಕೂಲ. ಇನ್ನೊಂದು, ಡಿಸೆಂಬರ್‌ನಲ್ಲಿ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದಿಲ್ಲ. ಸುಮಾರು 24 ಡಿಗ್ರಿ ದಕ್ಷಿಣಕ್ಕೆ ವಾಲಿಕೊಂಡು ಏಳುತ್ತಾನೆ. ಯುಗಾದಿಯ ಹೊತ್ತಿಗೆ ಯಾವುದೋ ಮರದ ಹಿಂದೆ ಕಂಡವನು ಈಗ ಅದರಿಂದ ಸಾಕಷ್ಟು ಬಲಕ್ಕೆ ಸಿಗುತ್ತಾನೆ. ಒಂದು ದಿನ ಕ್ಯಾಮೆರಾ ಇಲ್ಲದೆ ಹೋಗಿ ಕೆರೆ ಏರಿಯ ಯಾವ ಜಾಗದಿಂದ ಅವನು ಎದುರಾಗುತ್ತಾನೆಂದು ನೋಡಿ ಬನ್ನಿ.

ಮಂಜು ಬರುವ ದಿನವನ್ನು ಹಿಂದಿನ ರಾತ್ರಿಯೇ ಅಂದಾಜು ಮಾಡಬಹುದು. ನಕ್ಷತ್ರಗಳು ನಿಚ್ಚಳವಾಗಿ ಕಂಡು ಗಾಳಿ ನಿಂತಿದ್ದರೆ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗಿ ಗಾಳಿ ತಣ್ಣಗಾಗುತ್ತದೆ. ಕೆರೆಯ ನೀರು ಮಾತ್ರ ಹಗಲಿನ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುತ್ತದೆ. ನಸುಕಿನಲ್ಲಿ ನೀರಿನ ಮೇಲೆ ಏಳುವ ಹಬೆ ಆ ವ್ಯತ್ಯಾಸದ ಫಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ನಮ್ಮ ಮೇಲೆ ಮೋಡ ಕವಿದಿದ್ದರೆ ನೆಮ್ಮದಿಯಾಗಿ ಮಲಗಿ.

ಇನ್ನು ಸಣ್ಣ ಕ್ಯಾಮೆರಾದ ನಿಜವಾದ ಸಿರಿ: ಇಬ್ಬನಿ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಎನ್ನುತ್ತಾರೆ ನಮ್ಮ ರೈತರು. ಬೆಳಗಿನ ಫೋಟೊಗಳಿಗೂ ಸೊಗಡು ಬರುವುದು ಅದರಿಂದಲೇ. ಒಂದು ಜನವರಿಯ ಬೆಳಗ್ಗೆ ಜಕ್ಕೂರು ಕೆರೆಯ ದಡದಲ್ಲಿ, ಎರಡು ಜೊಂಡಿನ ಕಡ್ಡಿಗಳ ನಡುವೆ ಜೇಡರ ಬಲೆಯೊಂದು ತೂಗುತ್ತಿತ್ತು. ನೂಲು ನೂಲಿಗೂ ಪೋಣಿಸಿದಂತೆ ಹನಿಗಳು. ಮಂಡಿಯೂರಿ ಕುಳಿತು ಇನ್ನೂ ಹತ್ತಿರ ಹೋದೆ. ಒಂದು ಹನಿಯೊಳಗೆ ಇಡೀ ಕೆರೆ ತಲೆಕೆಳಗಾಗಿ ನಿಂತಿತ್ತು: ಆಕಾಶ ಕೆಳಗೆ, ನೀರು ಮೇಲೆ, ಆಚೆ ದಡದ ತೆಂಗಿನ ಮರ ಕೂದಲೆಳೆಯಷ್ಟು ತೆಳ್ಳಗೆ ಜೋತುಬಿದ್ದಿತ್ತು. ಸಾಸಿವೆ ಕಾಳಿನಷ್ಟು ನೀರು ಮಸೂರವಾಗಿ ಕೆಲಸ ಮಾಡುತ್ತಿತ್ತು. ಗಾಳಿ ಒಮ್ಮೆ ಸುಳಿಯಿತು, ಹನಿ ಪಕ್ಕದ ಹನಿಯನ್ನು ಸೇರಿ ದಪ್ಪವಾಗಿ ಕೆಳಗೆ ಬಿತ್ತು. ಆ ಚಿತ್ರ ನನಗೆ ಸಿಗಲಿಲ್ಲ; ಅದರ ಪಕ್ಕದ್ದು ಸಿಕ್ಕಿತು.

ಸಿಕ್ಕಿದ್ದು ಸಣ್ಣ ಕ್ಯಾಮೆರಾದಲ್ಲಿ. ಹೂವಿನ ಗುರುತಿರುವ ಮ್ಯಾಕ್ರೊ ಆಯ್ಕೆಯನ್ನು ಒತ್ತಿದರೆ ಇಂತಹ ಎಷ್ಟೋ ಕ್ಯಾಮೆರಾಗಳು ನಾಲ್ಕು ಬೆರಳಿನಷ್ಟು ಹತ್ತಿರದಿಂದಲೂ ಫೋಕಸ್ ಮಾಡುತ್ತವೆ. ಜೂಮ್ ಮಾತ್ರ ಮಾಡಬೇಡಿ, ಜೂಮ್ ಮಾಡಿದಷ್ಟೂ ದೂರ ಸರಿಯಬೇಕಾಗುತ್ತದೆ. ಒಳಗೆ ಬೆಳಕನ್ನು ಚಿತ್ರವಾಗಿ ಹಿಡಿಯುವ ಸೆನ್ಸರ್ ಪುಟ್ಟದಾಗಿರುವುದರಿಂದ ದೊಡ್ಡ ಕ್ಯಾಮೆರಾಕ್ಕಿಂತ ಹೆಚ್ಚು ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಇಂತಹ ಹತ್ತಿರದ ಕೆಲಸದಲ್ಲಿ ಅದು ದೊಡ್ಡ ಲಾಭ. ಬಲೆಯ ಹಿಂದೆ ಕಪ್ಪು ನೆರಳಿರುವ ಕೋನವನ್ನು ಹುಡುಕಿ. ಆಗ ಲೆಕ್ಕವೂ ತಿರುಗುತ್ತದೆ: ಕಪ್ಪನ್ನೂ ಬೂದಿಯಾಗಿಸಲು ಕ್ಯಾಮೆರಾ ಬೆಳಕು ಏರಿಸುತ್ತದೆ, ನೀವು ಕಳೆ ಬದಿಗೆ ಸರಿಸಬೇಕು.

ಕೆರೆ ದೂರವಿದ್ದವರು ಲಾಲ್‌ಬಾಗಿನ ಹುಲ್ಲುಹಾಸನ್ನು ಬಗ್ಗಿ ನೋಡಲಿ. ನೆಲಕ್ಕೆ ಅಂಟಿದ ಜೇಡರ ಬಲೆಗಳು ಇಬ್ಬನಿಯಲ್ಲಿ ಒಗೆದ ಕರವಸ್ತ್ರ ಹರವಿದ ಹಾಗೆ ಕಾಣುತ್ತವೆ. ಬಿಸಿಲೇರಿದರೆ ಅವು ಅಲ್ಲಿದ್ದವೆಂದೇ ತಿಳಿಯುವುದಿಲ್ಲ. ಹನಿ ಇಲ್ಲದ ದಿನ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಫೋಟೊ ತೆಗೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಆ ಬಲೆ ಜೇಡದ ಊಟದ ತಟ್ಟೆ.

ಹಕ್ಕಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೆಬ್ಬಾಳದಲ್ಲೋ ಮಡಿವಾಳದಲ್ಲೋ ಹೆಜ್ಜಾರ್ಲೆಯನ್ನು ಹತ್ತಿರಕ್ಕೆ ಎಳೆಯಲು ಡಿಜಿಟಲ್ ಜೂಮ್ ಬಳಸಬೇಡಿ. ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೆ. ಹಕ್ಕಿ ಚಿಕ್ಕದಾಗಿಯೇ ಇರಲಿ. ಮಂಜು ತುಂಬಿದ ನೀರಿನ ನಡುವೆ ಒಂದೇ ಹೆಜ್ಜಾರ್ಲೆ, ಅದರ ಮುಂದೆ ಕಪ್ಪಾಗಿ ಒಂದು ಒಣ ಕೊಂಬೆ, ಹಿಂದೆ ಮಸುಕಾಗಿ ಮರಗಳ ಸಾಲು. ಹತ್ತಿರದ್ದು ಕಪ್ಪು, ನಡುವಿನದು ಬೂದು, ದೂರದ್ದು ಬರೀ ಸುಳಿವು: ಮಂಜಿನ ಚಿತ್ರಕ್ಕೆ ಆಳ ಬರುವುದು ಹೀಗೆ.

ಫ್ಲ್ಯಾಶ್ ಆರಿಸಿಡಿ; ಅದರ ಬೆಳಕು ಎದುರಿನ ಹನಿಗಳಿಗೆ ಬಡಿದು ಬಿಳಿ ಚುಕ್ಕೆಗಳಾಗಿ ಹಿಂದಿರುಗುತ್ತದೆ. ಎಳೆಬಿಸಿಲಿನ ಜೇನುಬಣ್ಣ ಉಳಿಯಬೇಕಾದರೆ ಚಿತ್ರದ ಬಣ್ಣದ ಛಾಯೆಯನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೊದಿಂದ ಬಿಸಿಲಿನ ಗುರುತಿಗೆ ಬದಲಿಸಿ. ಬೆಳಕು ಕಡಿಮೆಯಿರುವಾಗ ಕೈ ಅಲುಗಾಡುತ್ತದೆ. ನಾನು ಸಣ್ಣ ಬಟ್ಟೆ ಚೀಲವೊಂದಕ್ಕೆ ಅರ್ಧದಷ್ಟು ರಾಗಿ ತುಂಬಿ ಹೊಲಿದಿಟ್ಟುಕೊಂಡಿದ್ದೇನೆ. ಕೆರೆಯ ಕಟ್ಟೆಯ ಮೇಲಿಟ್ಟು ಕ್ಯಾಮೆರಾವನ್ನು ಅದರೊಳಗೆ ಒತ್ತಿ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಸ್ಟ್ಯಾಂಡಿನ ಕೊರತೆಯೇ ಕಾಣುವುದಿಲ್ಲ. ಕಾರಿನ ಎ.ಸಿ.ಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಹೊರತೆಗೆದ ಕೂಡಲೇ ಲೆನ್ಸ್ ಮಬ್ಬಾದರೆ ಗಾಬರಿ ಬೇಡ, ಹತ್ತು ನಿಮಿಷ ಕಾಯಿರಿ.

ಬೇಗ ಏಳಲಾಗದವರಿಗೂ ಈ ಕಾಲದಲ್ಲಿ ಪಾಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಂತು ನೆರಳನ್ನು ಕಾಲಡಿಗೆ ಒತ್ತಿಬಿಡುತ್ತಾನೆ. ಡಿಸೆಂಬರ್‌ನಲ್ಲಿ ಹಾಗಲ್ಲ, ಮಧ್ಯಾಹ್ನವೂ ಸುಮಾರು 54 ಡಿಗ್ರಿಗಿಂತ ಮೇಲೇರುವುದಿಲ್ಲ. ಆ ಓರೆ ಬಿಸಿಲಿನಲ್ಲಿ ಕಬ್ಬನ್ ಪಾರ್ಕಿನ ಗುಲಾಬಿ ಟಬೂಬಿಯಾ ಹೂಗಳನ್ನು ಕೆಳಗೆ ನಿಂತು ನೋಡಿ. ಬೆಳಕು ಎಸಳಿನ ಮೂಲಕವೇ ಹಾದು ಬರುತ್ತದೆ. ಜನವರಿ ಕಳೆಯುತ್ತಿದ್ದಂತೆ ಎಲೆಯುದುರಿಸಿದ ಬೂರುಗದ ಮರದಲ್ಲಿ ದಪ್ಪ ಕೆಂಪು ಹೂಗಳು ಬಿರಿಯುತ್ತವೆ, ಗೊರವಂಕಗಳು ಅವುಗಳಲ್ಲಿ ಮುಖ ಹುದುಗಿಸುತ್ತವೆ. ಅದನ್ನು ಹಿಡಿಯಲು ಕ್ಯಾಮೆರಾ ಮೇಲಕ್ಕೆತ್ತುವಾಗ ಹಿಂದಿನ ಆಕಾಶ ನೀಲಿಯಾಗಿದ್ದರೆ ಸೊನ್ನೆಯಲ್ಲೇ ಬಿಡಿ. ಬೆಳ್ಳಗಿದ್ದರೆ, ಮಂಜಿಗೆ ಮಾಡಿದಂತೆಯೇ, ಕೂಡು ಬದಿಗೆ ಒಂದು ಹೆಜ್ಜೆ.