ಮಾಸ್ಕ್ ಒಬ್ಬರಿಗೆ, ನಿದ್ದೆ ಇಬ್ಬರದು

ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಪದೇಪದೇ ಉಸಿರು ನಿಲ್ಲುವ ಕಾಯಿಲೆ, ಇರುವವರಿಗೆ ಅದು ಇದೆ ಅಂತ ಗೊತ್ತಿರುವುದು ಅಪರೂಪ. ಗೊತ್ತಾಗುವುದು ಪಕ್ಕದಲ್ಲಿ ಮಲಗಿದವರಿಗೆ. ಜೋರಾಗಿ ಬರುತ್ತಿದ್ದ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ, ಹೊಟ್ಟೆ ಅಲ್ಲಾಡುತ್ತಿರುತ್ತವೆ, ಆದರೆ ಗಾಳಿ ಒಳಗೆ ಹೋಗುತ್ತಿರುವುದಿಲ್ಲ. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಜಾಸ್ತಿ. ಆಮೇಲೆ ದೊಡ್ಡ ಸದ್ದಿನೊಂದಿಗೆ ಉಸಿರು ವಾಪಸ್ ಬರುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಅದಕ್ಕೇ ನಿದ್ದೆಯ ಡಾಕ್ಟರುಗಳು ಹೆಂಡತಿಯನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಬನ್ನಿ ಅನ್ನುವುದು.

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿ ಮುಚ್ಚಿಯೇ ಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ಅದೇ ಕಥೆ. ಹೀಗೆ ಉಸಿರು ನಿಲ್ಲುವುದು ಅಥವಾ ತೀರಾ ಕಡಿಮೆಯಾಗುವುದು ಗಂಟೆಗೆ 5 ಸಲ ಆದರೆ ತೊಂದರೆ ಶುರುವಾಗಿದೆ ಎಂದರ್ಥ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಭಾರತೀಯರಿಗೆ ಈ ಕಾಯಿಲೆ ಇರಬಹುದು ಎಂದು ದೆಹಲಿಯ ಏಮ್ಸ್ ಸಂಶೋಧಕರು 2023ರಲ್ಲಿ ಅಂದಾಜು ಮಾಡಿದರು. ಅಷ್ಟೇ ಹಾಸಿಗೆಗಳಲ್ಲಿ ಇನ್ನೊಬ್ಬರ ನಿದ್ದೆಯೂ ಕೆಡುತ್ತಿರುತ್ತದೆ, ಅಲ್ವಾ? ಆ ಇನ್ನೊಬ್ಬರ ಲೆಕ್ಕ ನಮ್ಮ ಚಿಕಿತ್ಸೆಯಲ್ಲಿ ಸರಿಯಾಗಿ ಸೇರಿಲ್ಲ ಅನ್ನುವುದೇ ನನ್ನ ತಕರಾರು.

ಚಿಕಿತ್ಸೆ ಅಂದರೆ ಬಹುಪಾಲು ಸಿಪ್ಯಾಪ್ ಮೆಷಿನ್. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲ್ಲಿವನ್ 1980ರಲ್ಲಿ ಮೊದಲ ಬಾರಿ ಒಬ್ಬ ರೋಗಿಗೆ ಇದನ್ನು ಹಾಕಿ ನೋಡಿದರು. 1981ರಲ್ಲಿ ಐದು ರೋಗಿಗಳ ಅನುಭವವನ್ನು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೆಷಿನ್ ಮಾಡುವುದು ಸರಳ ಕೆಲಸ. ಪೈಪ್ ಮತ್ತು ಮುಖಕ್ಕೆ ಕಟ್ಟಿದ ಮಾಸ್ಕಿನಿಂದ, ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ಬಿಡದೆ ಕಳಿಸುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಒಳಗೋಡೆಗಳು ಒಂದಕ್ಕೊಂದು ಅಂಟದೆ ನಿಲ್ಲುವ ಹಾಗೆ, ಗಂಟಲಿನ ದಾರಿಯೂ ತೆರೆದು ನಿಲ್ಲುತ್ತದೆ. ಹಾಕಿದ ಮೊದಲ ರಾತ್ರಿಯೇ ಗೊರಕೆ ನಿಲ್ಲಬಹುದು. ಆರಂಭದ ದಿನಗಳಲ್ಲಿ ಮಾಸ್ಕನ್ನು ಪ್ರತಿ ರಾತ್ರಿ ಮುಖಕ್ಕೆ ಅಂಟು ಹಾಕಿ ಅಂಟಿಸಬೇಕಿತ್ತು. ಈಗ ಮೆತ್ತನೆಯ ಸಿಲಿಕೋನ್ ಮಾಸ್ಕುಗಳಿವೆ, ಮೂಗಿನ ಹೊಳ್ಳೆಗೆ ಮಾತ್ರ ಒತ್ತಿ ಕೂರುವ ಪುಟ್ಟವೂ ಇವೆ.

ಆದರೂ ಎಷ್ಟೋ ಮೆಷಿನ್‌ಗಳು ಕಪಾಟು ಸೇರುತ್ತವೆ. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 35 ರೋಗಿಗಳ ಮೆಷಿನ್ ಬಳಕೆಯನ್ನು ಮೀಟರ್ ಇಟ್ಟು ಅಳೆದರು. ದಿನಾ ಹಾಕಿಕೊಳ್ಳುತ್ತೇವೆ ಎಂದವರು ನೂರಕ್ಕೆ 60. ಹತ್ತರಲ್ಲಿ ಏಳು ದಿನವಾದರೂ ನಾಲ್ಕು ಗಂಟೆ ಹಾಕಿಕೊಂಡವರು ನೂರಕ್ಕೆ 46 ಮಾತ್ರ. ಅವರು ಸುಳ್ಳು ಹೇಳಿದರು ಅಂತ ನನಗನ್ನಿಸುವುದಿಲ್ಲ. ಮಲಗುವಾಗ ಹಾಕಿಕೊಂಡಿದ್ದು ನೆನಪಿರುತ್ತದೆ, ನಿದ್ದೆಗಣ್ಣಲ್ಲಿ ಕಿತ್ತು ಪಕ್ಕಕ್ಕಿಟ್ಟಿದ್ದು ನೆನಪಿರುವುದಿಲ್ಲ.

ಇನ್ನು ಹಾಸಿಗೆಯ ಆಚೆ ಬದಿಗೆ ಬನ್ನಿ. ಇವತ್ತಿನ ಮೆಷಿನ್ ಸದ್ದು ಗೊರಕೆಯ ಮುಂದೆ ಏನೇನೂ ಅಲ್ಲ. ತೊಂದರೆ ಕೊಡುವುದು ಮಾಸ್ಕ್. ಅದು ಸ್ವಲ್ಪ ಸರಿದರೂ ಸಂದಿನಿಂದ ಗಾಳಿ ಸುಯ್ಯೆಂದು ಸೋರಿ ಪಕ್ಕದವರ ಮುಖಕ್ಕೆ ಹೊಡೆಯುತ್ತದೆ. ಮಗ್ಗುಲು ಬದಲಿಸಿದರೆ ಪೈಪ್ ಕುತ್ತಿಗೆಗೆ ಸಿಗುತ್ತದೆ. ಇದಕ್ಕೆಲ್ಲ ಉಪಾಯವಿದೆ. ಪೈಪನ್ನು ತಲೆಯ ಹಿಂದಿನಿಂದ ಮೇಲಕ್ಕೆ ತೂಗುಹಾಕಬಹುದು. ಸ್ಟ್ರ್ಯಾಪನ್ನು ಕೂತುಕೊಂಡಲ್ಲ, ಮಲಗಿಕೊಂಡು, ಮೆಷಿನ್ ಓಡುತ್ತಿರುವಾಗ ಸರಿಮಾಡಬೇಕು. ಕನ್ನಡಿಯಿಲ್ಲದೆ ಅದನ್ನು ಒಬ್ಬರೇ ಮಾಡುವುದು ಕಷ್ಟ, ಪಕ್ಕದವರ ಕೈ ಬೇಕು. ಮಾಸ್ಕಿನ ಮುಂದೆ ಸಣ್ಣ ತೂತುಗಳಿರುತ್ತವೆ. ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ಗಾಳಿ ಬರುತ್ತದೆಂದು ಅದನ್ನು ಬಟ್ಟೆಯಿಂದಲೋ ಟೇಪಿನಿಂದಲೋ ಮುಚ್ಚಬಾರದು.

ಉಪಾಯ ಸುಲಭವಾಗಿ ಸಿಗದ ಸಂಗತಿಯೂ ಇದೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡಾಗ ಗಂಡನಿಗೆ ತಾನು ರೋಗಿ ಅನ್ನಿಸುತ್ತದೆ, ಹೆಂಡತಿಗೆ ಆಸ್ಪತ್ರೆ ವಾರ್ಡಿನಲ್ಲಿ ಮಲಗಿದ ಹಾಗನ್ನಿಸುತ್ತದೆ. ಮಲಗುವ ಮುಂಚಿನ ಮಾತು, ಅಪ್ಪುಗೆ, ಮುತ್ತು ಎಲ್ಲಕ್ಕೂ ಅದು ಅಡ್ಡ. ನಮ್ಮ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಡಾಕ್ಟರ ಮುಂದಂತೂ ಇಲ್ಲವೇ ಇಲ್ಲ. ಹೊಂದಿಕೊಂಡ ದಂಪತಿಗಳು ಮಾಡುವುದು ಇಷ್ಟೇ: ದೀಪ ಆರಿಸಿ, ಮಾತು ಮುಗಿಸಿ, ಹತ್ತಿರವಿದ್ದು, ನಿದ್ದೆ ಬರುವಾಗ ಮಾಸ್ಕ್ ಹಾಕಿಕೊಳ್ಳುವುದು. ಚಿಕಿತ್ಸೆ ಪಡೆಯದ ಅಪ್ನಿಯಾ ಸುಸ್ತನ್ನೂ ಸಿಡುಕನ್ನೂ ತರುತ್ತದೆ, ಲೈಂಗಿಕ ಆಸಕ್ತಿಯನ್ನೂ ಕುಗ್ಗಿಸುತ್ತದೆ. ಇದು ಗೊತ್ತಿದ್ದರೆ ಮಾಸ್ಕನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಯಾರೂ ಮೊದಲೇ ಹೇಳದ ಇನ್ನೊಂದು ವಿಷಯ ಮೌನ. ವರ್ಷಗಟ್ಟಲೆ ಗೊರಕೆ ಕೇಳಿ, ಅದು ನಿಂತಾಗ ಬೆಚ್ಚಿಬಿದ್ದು ಗಂಡನನ್ನು ಅಲುಗಾಡಿಸಿ ಎಬ್ಬಿಸುತ್ತಿದ್ದವಳಿಗೆ ಮೌನ ಅಂದರೆ ಅಪಾಯ. ಮೆಷಿನ್ ಬಂದ ಮೇಲೆ ಕೋಣೆ ಸದ್ದಿಲ್ಲದಾಗುತ್ತದೆ. ಅವಳಿಗೆ ಮತ್ತೆ ಎಚ್ಚರವಾಗುತ್ತದೆ, ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಾಳೆ. ಕಾವಲು ಕೂರುವ ಅಭ್ಯಾಸ ಬಿಡಲು ಸಮಯ ಬೇಕು.

ಆ ಅಭ್ಯಾಸ ಬಿಟ್ಟಾಗ ಸಿಗುವುದು ಸಣ್ಣ ಲಾಭವಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು 10 ದಂಪತಿಗಳನ್ನು ಲ್ಯಾಬಿನಲ್ಲಿ ಜೊತೆಗೇ ಮಲಗಿಸಿ ಇಬ್ಬರ ನಿದ್ದೆಯನ್ನೂ ಅಳೆದು 1999ರಲ್ಲಿ ಪ್ರಕಟಿಸಿದರು. ಗಂಡನಿಗೆ ಸಿಪ್ಯಾಪ್ ಹಾಕಿದಾಗ, ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಹೆಂಡತಿ ನಿಜಕ್ಕೂ ನಿದ್ದೆ ಮಾಡಿದ ಪಾಲು ನೂರಕ್ಕೆ 74ರಿಂದ 87ಕ್ಕೆ ಏರಿತು. ಎಂಟು ಗಂಟೆಯ ರಾತ್ರಿಗೆ ಲೆಕ್ಕ ಹಾಕಿದರೆ ಒಂದು ಗಂಟೆಗಿಂತ ಜಾಸ್ತಿ ನಿದ್ದೆ. ಚಿಕ್ಕ ಅಧ್ಯಯನ, ನಿಜ. ಆದರೆ ಹೆಂಡತಿಯ ತಲೆಗೂ ವೈರು ಹಚ್ಚಬೇಕೆಂದು ಅವರಿಗೆ ತೋಚಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಪಕ್ಕದವರು ಒತ್ತಾಯ ಮಾಡಬೇಕಾ? ಇಲ್ಲಿ ಎಚ್ಚರ ಬೇಕು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಅಧ್ಯಯನದಲ್ಲಿ, ತಾವಾಗಿಯೇ ಡಾಕ್ಟರ ಬಳಿ ಬಂದವರು ಸಂಗಾತಿಯ ಮಾತಿಗೆ ಬಂದವರಿಗಿಂತ ಹೆಚ್ಚು ಹೊತ್ತು ಮೆಷಿನ್ ಬಳಸಿದರು. ಅಮೆರಿಕದ ಯೂಟಾದಲ್ಲಿ ಕೆಲ್ಲಿ ಬ್ಯಾರನ್ ಮತ್ತು ಸಂಗಡಿಗರು ನೋಡಿದ್ದು ಇನ್ನೂ ಸ್ಪಷ್ಟ. ಹೆಂಡತಿ ಜೊತೆಗೂಡಿ ಕೆಲಸ ಮಾಡಿದ ಕಡೆ ಬಳಕೆ ಹೆಚ್ಚಿತು, ಒತ್ತಡ ಹಾಕಿದ್ದರಿಂದ ಹೆಚ್ಚಲಿಲ್ಲ. “ರೀ, ಮಾಸ್ಕ್ ಹಾಕ್ಕೊಂಡ್ರಾ?” ಅಂತ ಅಡುಗೆಮನೆಯಿಂದ ದಿನಾ ಕೂಗುವುದು ಒಂದು. “ಎಲ್ಲಿ ಒತ್ತುತ್ತೆ ಹೇಳಿ, ನೋಡೋಣ” ಅನ್ನುವುದು ಇನ್ನೊಂದು. ಮೊದಲ ವಾರಗಳಲ್ಲಿ ಎರಡನೆಯದೇ ಬೇಕು. ಹಗಲು ಹೊತ್ತು ಟಿವಿ ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿಕೊಂಡು ಕೂತರೆ ಉಸಿರುಗಟ್ಟಿದ ಭಾವನೆ ಕಡಿಮೆಯಾಗುತ್ತದೆ. ಮೂಗು ಒಣಗಿದರೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಇದೆ, ಅದಕ್ಕೆ ಡಿಸ್ಟಿಲ್ಡ್ ನೀರು ಹಾಕಬೇಕು. ಬಾಯಿ ತೆರೆದು ಮಲಗುವವರಿಗೆ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಬೇಕಾಗಬಹುದು.

ನಮ್ಮಲ್ಲಿ ಕರೆಂಟಿನ ಚಿಂತೆ ಬೇರೆ. ಕರೆಂಟ್ ಹೋದರೆ ಮೆಷಿನ್ ನಿಲ್ಲುತ್ತದೆ, ಮಲಗಿದವರು ಎಚ್ಚರಗೊಂಡು ಮಾಸ್ಕ್ ಕೀಳುತ್ತಾರೆ. ಮಲಗುವ ಕೋಣೆಯ ಆ ಪ್ಲಗ್ಗಿಗೆ ಯುಪಿಎಸ್ ಸಂಪರ್ಕ ಕೊಡಿಸುವುದು ಮೊದಲ ಕೆಲಸ. ನೆಂಟರ ಮನೆ, ಮದುವೆ ಛತ್ರ ಅಂದರೆ ಮೆಷಿನ್ ಮನೆಯಲ್ಲೇ ಉಳಿಯುತ್ತದೆ, ನಾಚಿಕೆಗೆ. “ಇದು ಅವರ ಉಸಿರಿನ ಮೆಷಿನ್” ಎಂದು ಹೆಂಡತಿ ಸಲೀಸಾಗಿ ಹೇಳಿಬಿಟ್ಟರೆ ಅರ್ಧ ನಾಚಿಕೆ ಅಲ್ಲೇ ಕಳೆಯುತ್ತದೆ.

ಇಷ್ಟು ಹೊತ್ತು ಗಂಡನಿಗೇ ಕಾಯಿಲೆ ಅನ್ನುವ ಹಾಗೆ ಬರೆದೆ, ಅಧ್ಯಯನಗಳೂ ಬಹುಪಾಲು ಹಾಗೇ ಇವೆ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಅಪ್ನಿಯಾ ಹೆಚ್ಚುತ್ತದೆ. ಅವರು ಗೊರಕೆಗಿಂತ ನಿದ್ದೆ ಬರಲ್ಲ, ಬೆಳಿಗ್ಗೆ ತಲೆನೋವು, ಸುಸ್ತು ಅಂತ ಹೇಳಿಕೊಳ್ಳುತ್ತಾರೆ. ಹಾಗಾಗಿ ಕಾಯಿಲೆ ಪತ್ತೆಯಾಗುವುದೇ ತಡ. ಕನಸು ಬೀಳುವ ನಿದ್ದೆಯಲ್ಲಿ ಉಸಿರು ಹೆಚ್ಚು ಕಟ್ಟುವುದು ಹೆಂಗಸರಲ್ಲಿ ಜಾಸ್ತಿ ಕಾಣುತ್ತದೆ, ಆ ನಿದ್ದೆ ಬಹುಪಾಲು ಬೀಳುವುದು ಬೆಳಗಿನ ಜಾವದ ಕಡೆಗೆ. ನಡುರಾತ್ರಿ ಮೊಮ್ಮಗು ಅತ್ತರೆ, ಅತ್ತೆ ಕರೆದರೆ ಮಾಸ್ಕ್ ಕಿತ್ತಿಟ್ಟು ಎದ್ದು ಹೋಗುವವಳು ಅವಳೇ. ವಾಪಸ್ ಬಂದು ಮತ್ತೆ ಕಟ್ಟಿಕೊಳ್ಳುವಷ್ಟು ತ್ರಾಣ ಇರುವುದಿಲ್ಲ. ಅಂದರೆ ಮೆಷಿನ್ ತುಂಬಾ ಬೇಕಾದ ಹೊತ್ತಿಗೇ ಅದು ಮುಖದ ಮೇಲಿರುವುದಿಲ್ಲ. ಆ ಕರೆಗೆ ಗಂಡ ಎದ್ದು ಹೋಗಬೇಕು.